ಎತ್ತಿಟ್ಟ ಮಾತ್ರೆಗಳು

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ. ಈ ನಾಲ್ಕರಲ್ಲಿ ಯಾವ ಊರಿನ ಸರ್ಕಾರಿ ಆಸ್ಪತ್ರೆಯಲ್ಲಿ ನಾನು ಔಷಧ ಉಗ್ರಾಣ ನೋಡಿಕೊಂಡೆ ಎಂದು ಹೇಳುವುದಿಲ್ಲ. ಹೇಳಿದರೆ ಆ ಊರಿನವರು ಜಗಳಕ್ಕೆ ಬರುತ್ತಾರೆ. ಉಳಿದ ಮೂರು ಊರಿನವರು ಫೋನ್ ಮಾಡಿ ನಗುತ್ತಾರೆ, ತಾವೇನೋ ಬಹಳ ಸಾಚಾ ಎನ್ನುವ ಹಾಗೆ. ಯಾವುದೋ ಒಂದು ಅಂತ ಇಟ್ಟುಕೊಳ್ಳಿ. ಬಸ್ ಸ್ಟ್ಯಾಂಡಿಗೆ ಹತ್ತಿರ, ಎದುರಿಗೆ ಎಳನೀರಿನ ಗಾಡಿ, ಗೇಟಿನೊಳಗೆ ಕಾಲಿಡಲು ಜಾಗವಿಲ್ಲದಷ್ಟು ಬೈಕುಗಳು. ಹಾಗೆ ನೋಡಿದರೆ ನಾಲ್ಕೂ ಒಂದೇ ತರಹ ಇವೆ.

ಉಗ್ರಾಣ ಅನ್ನುವುದೂ ದೊಡ್ಡ ಮಾತೇ. ಹಳೇ ಕಟ್ಟಡದ ಹಿಂಭಾಗದಲ್ಲಿ ಒಂದು ಉದ್ದನೆಯ ಕೋಣೆ, ಎದೆಮಟ್ಟಕ್ಕೆ ಪೇರಿಸಿದ ರಟ್ಟಿನ ಪೆಟ್ಟಿಗೆಗಳು, ಸದಾ ಗೊಣಗುವ ಒಂದು ಫ್ರಿಜ್ಜು, ಒಂದು ಕಬ್ಬಿಣದ ಬೀರು. ನಾನು ಅಲ್ಲಿಯ ಫಾರ್ಮಸಿ ಅಧಿಕಾರಿ. ಅಧಿಕಾರಿ ಎನ್ನುವ ಪದ ಸಂಬಳದ ಚೀಟಿಯಲ್ಲಿ ಮಾತ್ರ ಇತ್ತು. ಜನರ ಬಾಯಲ್ಲಿ ನಾನು ‘ಮಾತ್ರೆ ಮೇಡಂ’. ಬೆಳಿಗ್ಗೆ ಕಿಟಕಿಯಲ್ಲಿ ಕೂತು ಮಾತ್ರೆ ಕೊಡುವುದು, ಮಧ್ಯಾಹ್ನದ ಮೇಲೆ ಉಗ್ರಾಣ ನೋಡುವುದು, ಎರಡೂ ನನ್ನ ತಲೆಗೇ. ನನಗೆ ಬಾಯಿ ಜೋರು ಅಂತ ಹೆಸರಿತ್ತು. ಹೆಸರಿಟ್ಟವರು ಒಂದು ಸೋಮವಾರ ಆ ಕಿಟಕಿಯ ಹಿಂದೆ ಕೂತು ನೋಡಲಿ, ಆಮೇಲೆ ಮಾತಾಡೋಣ.

ಆ ಬೀರುವಿನ ಕೆಳಗಿನ ಖಾನೆಯಲ್ಲಿ ನನ್ನ ಜೀವ ಇತ್ತು. ಯಾವ ಮಾತ್ರೆ ಬಂದರೂ ಒಂದಿಷ್ಟನ್ನು ತೆಗೆದು ಅಲ್ಲಿ ಇಟ್ಟುಬಿಡುತ್ತಿದ್ದೆ, ಕಷ್ಟಕಾಲಕ್ಕೆ ಅಂತ. ಕದ್ದದ್ದಲ್ಲ, ಮಾರಿಕೊಂಡದ್ದೂ ಅಲ್ಲ. ಲೆಕ್ಕದಲ್ಲಿ ಎಲ್ಲ ಇತ್ತು, ಕೇಳಿದವರ ಕಣ್ಣಿಗೆ ಬೀಳುತ್ತಿರಲಿಲ್ಲ ಅಷ್ಟೆ. ಕೆಂಚಾರ್ಲಹಳ್ಳಿ ಕಡೆಯ ನಮ್ಮ ಮನೆಯಲ್ಲಿ ಅಮ್ಮ ರಾಗಿ ಡಬ್ಬದ ತಳದಲ್ಲಿ ಬೆಲ್ಲದಚ್ಚು ಮುಚ್ಚಿಟ್ಟು, ನೆಂಟರು ಬಂದಾಗ ಮಾತ್ರ ಹೊರಗೆ ತೆಗೆಯುತ್ತಿದ್ದಳು. ಆ ಬುದ್ಧಿಯೇ ನನ್ನ ಜೊತೆ ಸರ್ಕಾರಿ ನೌಕರಿಗೂ ಬಂತು. ನನಗೆ ಗೊತ್ತಿದ್ದ ಉಗ್ರಾಣದವರೆಲ್ಲರಿಗೂ ಇಂಥದೊಂದು ಖಾನೆ ಇತ್ತು. ಇಲ್ಲ ಅಂತ ಯಾರಾದರೂ ಆಣೆ ಮಾಡಿದರೆ, ಅವರ ಹತ್ತಿರ ಎರಡಿವೆ ಎಂದು ತಿಳಿಯಬೇಕು.

ಹೀಗೆ ಎತ್ತಿಡದೆ ವಿಧಿಯೂ ಇರಲಿಲ್ಲ. ನಮಗೆ ಬೇಕಾದ ಔಷಧಕ್ಕೆ ಜಿಲ್ಲೆಯ ಗೋದಾಮಿಗೆ ಇಂಡೆಂಟ್ ಬರೆಯಬೇಕು. ಕೇಳಿದಷ್ಟು ಕೊಡುವುದಿಲ್ಲ ಎಂದು ನಾವು ಜಾಸ್ತಿ ಬರೆಯುತ್ತೇವೆ. ನಾವು ಜಾಸ್ತಿ ಬರೆಯುತ್ತೇವೆ ಎಂದು ಅವರು ಕಡಿಮೆ ಕೊಡುತ್ತಾರೆ. ಈ ಸಂಸಾರ ಹೀಗೇ ಸುಖವಾಗಿ ನಡೆಯುತ್ತಿರುವಾಗ, ಒಂದು ಸಲ ಯಾರಿಗೆ ಏನು ಒಳ್ಳೆಯ ಬುದ್ಧಿ ಬಂತೋ, ಕಣ್ಣಿಗೆ ಹಾಕುವ ಡ್ರಾಪ್ಸನ್ನು ನಾನು ಕೇಳಿದಷ್ಟನ್ನೂ ಕಳಿಸಿಬಿಟ್ಟರು! ಪೆಟ್ಟಿಗೆ ಇಳಿಸಿ ಇಳಿಸಿ ಲೋಡಿನವರಿಗೆ ಸುಸ್ತು. ಆಮೇಲೆ ಒಂದಷ್ಟು ದಿನ, ಮಂಡಿ ನೋವು ಅಂತ ಬಂದವರ ಕಣ್ಣನ್ನೂ ನಾನು ಆಸೆಯಿಂದ ನೋಡುತ್ತಿದ್ದೆ, ಸ್ವಲ್ಪವಾದರೂ ಕೆಂಪಗಿದೆಯೇ ಅಂತ.

ಗೋದಾಮಿನಿಂದ ಬಾರದಿದ್ದಾಗ ನಾವು ನಾವೇ ಫೋನ್ ಮಾಡಿಕೊಂಡು ಕೈಬದಲು ಮಾಡುತ್ತಿದ್ದೆವು. ಯಾರ ಹತ್ತಿರ ಏನಿದೆ ಎಂದು ಕಂಪ್ಯೂಟರಿನಲ್ಲಿ ಕಾಣುತ್ತದೆ ನಿಜ. ಆದರೆ ಕೇಳಿದ ತಕ್ಷಣ ‘ಅದು ಖರ್ಚಾಗೋಯ್ತು, ಎಂಟ್ರಿ ಹಾಕಿಲ್ಲ ಅಷ್ಟೆ’ ಎನ್ನುವುದು ವಾಡಿಕೆ. ಹಾಗಾಗಿ ದನಿ ಕೇಳಿಯೇ ತೀರ್ಮಾನ ಮಾಡಬೇಕು. ‘ಇಲ್ಲ ಮೇಡಂ’ ಎಂದು ಚುಟುಕಾಗಿ ಹೇಳಿದರೆ ಇದೆ, ಕೊಡುವ ಮನಸ್ಸಿಲ್ಲ. ‘ಅಯ್ಯೋ, ಎಲ್ಲೈತಮ್ಮಾ’ ಎಂದು ರಾಗ ಎಳೆದರೆ ಬೇಕಾದಷ್ಟಿದೆ, ಬದಲಿಗೆ ನೀನೇನು ಕೊಡುತ್ತೀ ಹೇಳು ಅಂತ. ‘ನಿನ್ನೆ ತಾನೆ ಮುಗೀತು’ ಎಂದರೆ ಬೀರುವಿನ ಬೀಗದ ಕೈ ಆಗಲೇ ಜೇಬು ಸೇರಿದೆ. ನಿಜವಾಗಿ ಇಲ್ಲದವರು ಫೋನನ್ನೇ ಎತ್ತುವುದಿಲ್ಲ.

ಈ ವಿದ್ಯೆಯನ್ನೆಲ್ಲ ನಾನು ಜಂಬದಿಂದ ಬಳಸುತ್ತಿದ್ದ ಕಾಲದಲ್ಲಿ, ಈಗ ಕೆಲವು ವರ್ಷದ ಹಿಂದೆ, ನಮ್ಮ ಕಿಟಕಿಗೆ ತಿಂಗಳಿಗೊಮ್ಮೆ ಒಬ್ಬರು ಬರುತ್ತಿದ್ದರು. ನಾನು ಅವರನ್ನು ಆಪಾ, ಅಂದರೆ ಅಕ್ಕ, ಎಂದು ಕರೆಯುತ್ತಿದ್ದೆ. ನನ್ನದೇ ವಯಸ್ಸು, ಸಣ್ಣ ದೇಹ, ಬುರ್ಖಾದ ತೋಳು ಮೇಲೆ ಸರಿದರೆ ಕಾಣುವ ಬೆಳ್ಳಗೆ ಮೆತ್ತಗಾದ ಬೆರಳುಗಳು. ಬಿಸಿನೀರಿನಲ್ಲಿ ದಿನವಿಡೀ ಕೈ ಆಡಿಸುವವರ ಬೆರಳು ಹಾಗಾಗುತ್ತವೆ. ಮನೆಯಲ್ಲೇ ರೇಷ್ಮೆ ನೂಲು ತೆಗೆಯುವ ಚರಕ ಇಟ್ಟಿದ್ದರು. ಕುದಿಯುವ ನೀರಿನಲ್ಲಿ ಬೆಂದ ಗೂಡಿನಿಂದ ಕಣ್ಣಿಗೂ ಕಾಣದ ಎಳೆಯ ತುದಿ ಹುಡುಕಿ ಚರಕಕ್ಕೆ ಕೊಡುವುದು ಅವರ ಕೆಲಸ. ‘ನಮ್ಮ ಯಜಮಾನ್ರಿಗೂ ಸಿಗಲ್ಲ ಮೇಡಂ ಎಳೆ, ನನಗೆ ಸಿಗ್ತದೆ’ ಎಂದು ಹೇಳುವಾಗ ಅವರ ಮುಖ ನೋಡಬೇಕಿತ್ತು.

ಆಪಾಗೆ ಫಿಟ್ಸ್ ಕಾಯಿಲೆ ಇತ್ತು. ಬೆಳಿಗ್ಗೆ ಒಂದು, ರಾತ್ರಿ ಒಂದು ಮಾತ್ರೆ ನುಂಗಬೇಕು. ನುಂಗಿದರೆ ಯಾವ ತೊಂದರೆಯೂ ಇಲ್ಲ, ವರ್ಷಗಳಿಂದ ಫಿಟ್ಸ್ ಹತ್ತಿರ ಸುಳಿದಿರಲಿಲ್ಲ. ಆದ್ದರಿಂದಲೇ ಡಾಕ್ಟರು ಚರಕದ ಮುಂದೆ ಕೂರಲು ಒಪ್ಪಿದ್ದರು. ಹಾಗಿದ್ದಾಗ ಒಂದು ಮಳೆಗಾಲದಲ್ಲಿ ಅದು ಮತ್ತೆ ಬಂತು. ಪುಣ್ಯಕ್ಕೆ ನೀರಿನ ಹತ್ತಿರ ಅಲ್ಲ, ಅಂಗಳದಲ್ಲಿ. ಮುಂದಿನ ತಿಂಗಳು ಇನ್ನೊಂದು ಸಲ. ಯಜಮಾನರು ಹೆದರಿ ಆಕೆಯನ್ನು ಚರಕದಿಂದ ಎಬ್ಬಿಸಿ, ಒಳಗಿನ ಕೋಣೆಯಲ್ಲಿ ಗೂಡು ಆರಿಸಲು ಕೂರಿಸಿದರು. ಆಪಾಗೆ ಫಿಟ್ಸಿಗಿಂತ ಇದೇ ದೊಡ್ಡ ನೋವಾಯಿತು.

‘ಮೇಡಂ, ನೀವೇ ಸಾಬ್‌ಗೆ ಒಂದ್ಮಾತು ಹೇಳಿ’ ಎಂದು ಕಿಟಕಿಯ ಕಂಬಿ ಹಿಡಿದುಕೊಂಡು ಕೇಳಿದರು. ಸಾಬ್ ಎಂದರೆ ಡಾಕ್ಟರು. ‘ನನ್ನ ಜಾಗ ನನಗೆ ಕೊಡಕ್ಕೆ ಹೇಳಿ. ಅಲ್ಲಿ ಸೊಸೆ ಕೂತವ್ಳೆ. ಎಳೆ ಹರಿದು ಹರಿದು ಹಾಕ್ತಾಳೆ, ನೋಡಿದ್ರೆ ಹೊಟ್ಟೆ ಉರೀತದೆ.’

‘ಮೊದ್ಲು ಫಿಟ್ಸ್ ನಿಲ್ಲಲಿ ಆಪಾ. ಬಿಸಿನೀರಿನ ಮೇಲೆ ಬಿದ್ದರೆ ಏನ್ ಗತಿ?’

‘ಗೋಲಿ ದಿನಾ ತಗೊಳ್ತೀನಲ್ಲ! ಒಂದಿನಾನೂ ತಪ್ಪಿಸಿಲ್ಲ, ಅಲ್ಲಾ ಮೇಲಾಣೆ.’

ಡಾಕ್ಟರಿಗೂ ಇದನ್ನೇ ಹೇಳಿದ್ದರು. ಡಾಕ್ಟರು ವಯಸ್ಸಿನಲ್ಲಿ ಚಿಕ್ಕವರು, ಒಳ್ಳೆಯವರು, ಎಲ್ಲದಕ್ಕೂ ಕಾರಣ ಬೇಕೇಬೇಕು ಎನ್ನುವವರು. ದಿನವೂ ಮಾತ್ರೆ ತಗೊಂಡರೂ ಫಿಟ್ಸ್ ಬರುತ್ತಿದೆ ಎಂದರೆ ಮಾತ್ರೆಯಲ್ಲೇ ಏನೋ ಐಬಿರಬೇಕು ಎಂದು ಅವರಿಗೆ ಅನುಮಾನ. ಮಧ್ಯಾಹ್ನ ಉಗ್ರಾಣಕ್ಕೇ ಬಂದರು.

‘ಮೇಡಂ, ಈ ಬ್ಯಾಚ್ ಸರಿ ಇದೆಯಾ? ಬಿಸಿಲಲ್ಲಿ ಏನಾದ್ರೂ ಇಟ್ಟಿದ್ರಾ?’

ನನಗೆ ಮೈಯೆಲ್ಲ ಉರಿದುಹೋಯಿತು. ‘ಬಿಸಿಲಲ್ಲಿ ಹಪ್ಪಳ ಒಣಗಿಸ್ತೀವಿ ಸಾರ್, ಮಾತ್ರೆ ಅಲ್ಲ. ಇದೇ ಬ್ಯಾಚು ತಿನ್ನೋರು ಬೇಕಾದಷ್ಟು ಜನ ಇದ್ದಾರೆ, ಅವರಿಗೆಲ್ಲ ಚೆನ್ನಾಗೇ ಐತಲ್ಲ?’ ಎಂದೆ. ಅವರು ಪಾಪ, ವಾಪಸು ಹೋದರು. ಆದರೆ ಆಮೇಲೆ ನನ್ನ ಮನಸ್ಸಿನಲ್ಲೂ ಹುಳ ಹೊಕ್ಕಿತು. ಯಾವುದಕ್ಕೂ ಇರಲಿ, ಬೇರೆ ಕಂಪನಿಯ ಮಾತ್ರೆ ಕೊಟ್ಟು ನೋಡೋಣ ಎನಿಸಿತು. ನಮ್ಮದು ಗುಲಾಬಿ ಬಣ್ಣದ್ದು. ಪಕ್ಕದ ತಾಲೂಕಿಗೆ ಅದೇ ಔಷಧ ಬೇರೆ ಕಂಪನಿಯದು, ಬಿಳೀದು, ಬಂದಿದೆ ಎಂದು ಕಿವಿಗೆ ಬಿದ್ದಿತ್ತು.

ಅಲ್ಲಿ ಉಗ್ರಾಣ ನೋಡುತ್ತಿದ್ದವರು ತೊಂಡೇಬಾವಿ ಊರಿನವರು, ನಿವೃತ್ತಿಗೆ ಹತ್ತಿರವಿದ್ದ ಹಿರಿಯರು. ‘ಇಲ್ಲ’ ಎನ್ನುವುದರಲ್ಲಿ ಅವರನ್ನು ಮೀರಿಸುವವರಿರಲಿಲ್ಲ. ಅವರ ಹತ್ತಿರ ಬೇಕಾದ್ದನ್ನು ಮೊದಲೇ ಕೇಳಿದರೆ ಕೆಲಸ ಕೆಟ್ಟಿತು. ಹಾಗಾಗಿ ನನ್ನಲ್ಲಿ ಧಾರಾಳವಾಗಿದ್ದ ಬಿಪಿ ಮಾತ್ರೆಯಿಂದ ಶುರು ಮಾಡಿದೆ.

‘ಏಮಮ್ಮಾ, ಚೆನ್ನಾಗಿದ್ದೀಯಾ? ಈ ಬಡವನ ನೆನಪಾಯ್ತಾ?’

‘ಬಿಪಿ ಮಾತ್ರೆ ಐತಾ ಸಾರ್?’

‘ಅಯ್ಯೋ, ಎಲ್ಲೈತಮ್ಮಾ.’

‘ಹೋಗ್ಲಿ ಬಿಡಿ. ನಿಮ್ಮ ಕಡೆ ಹಾಸ್ಟೆಲ್ ಮಕ್ಕಳಿಗೆಲ್ಲ ಕಣ್ಣು ಕೆಂಪಾಗೈತಂತಲ್ಲ?’

‘ಯಾರಮ್ಮಾ ಹೇಳಿದ್ದು?’ ಎಂದರು. ಆಮೇಲೆ ತಡೆಯಲಾರದೆ, ‘ಡ್ರಾಪ್ಸ್ ಏನಾದ್ರೂ ಐತಾ ನಿನ್ಹತ್ರ?’

‘ಅಯ್ಯೋ, ಎಲ್ಲೈತೆ ಸಾರ್’ ಎಂದು ನಾನೂ ಅವರದೇ ರಾಗದಲ್ಲಿ ಎಳೆದೆ.

ಅವರು ಗೊಳ್ಳೆಂದು ನಕ್ಕರು. ‘ಸರಿ ಕಣಮ್ಮಾ, ಗೆದ್ದೆ. ನಿಂಗೇನು ಬೇಕು, ಬಾಯಿಬಿಟ್ಟು ಹೇಳು.’

ಎರಡೂ ಕಡೆಯ ಡಾಕ್ಟರ ಸಹಿ ಹಾಕಿಸಿಕೊಂಡು, ಡ್ರಾಪ್ಸಿನ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸು ಹತ್ತಿದೆ. ಆಸ್ಪತ್ರೆಯ ಗಾಡಿ ಯಥಾಪ್ರಕಾರ ರಿಪೇರಿಯಲ್ಲಿತ್ತು. ‘ಏನಮ್ಮಾ, ಟೊಮೊಟೊನಾ?’ ಎಂದು ಕಂಡಕ್ಟರು ಪೆಟ್ಟಿಗೆ ಮುಟ್ಟಲು ಬಂದರು. ‘ಕಣ್ಣಿನ ಔಷಧಿ, ಕಾಯಿಲೆ ಅಂಟುತ್ತೆ ನೋಡಿ’ ಎಂದೆ. ಔಷಧಿಯಿಂದ ಕಾಯಿಲೆ ಅಂಟುವುದಿಲ್ಲ ಎಂದು ಅವರಿಗೆ ಹೊಳೆಯುವಷ್ಟರಲ್ಲಿ ನಾನು ಇಳಿದಿದ್ದೆ. ಹಿರಿಯರು ಚಹಾ ಕುಡಿಸಿದರು, ಬಿಳಿ ಮಾತ್ರೆಯ ಡಬ್ಬಗಳನ್ನು ತಮ್ಮ ಬೀರುವಿನ ಕೆಳಗಿನ ಖಾನೆಯಿಂದ ತೆಗೆಯುವಾಗ ನನಗೆ ಬೆನ್ನು ಮಾಡಿ ನಿಂತರು. ಒಳಗೆ ಏನೇನಿದೆ ಎಂದು ನಾನು ನೋಡಬಾರದು ಪಾಪ. ನಾನೂ ಸೌಜನ್ಯಕ್ಕೆ ಕ್ಯಾಲೆಂಡರಿನ ಕಡೆ ತಿರುಗಿ ನಿಂತೆ.

ಯುದ್ಧ ಗೆದ್ದವಳ ಹಾಗೆ ವಾಪಸು ಬಂದು ಆಪಾಗೆ ಬಿಳಿ ಮಾತ್ರೆ ಕೊಟ್ಟೆ. ಬಣ್ಣ ನೋಡಿ ಅವರು ಅನುಮಾನಪಟ್ಟರು. ‘ಔಷಧಿ ಅದೇ ಆಪಾ, ಬಟ್ಟೆ ಮಾತ್ರ ಬೇರೆ’ ಎಂದು ಹೇಳಿದೆ. ‘ನೀವು ಹೇಳಿದ್ರೆ ಸಾಕು’ ಎಂದು ಪರ್ಸಿನೊಳಗೆ ಹಾಕಿಕೊಂಡು ಹೋದರು. ಆ ತಿಂಗಳು ಕಿಟಕಿಯಲ್ಲಿ ಯಾರಾದರೂ ಬುರ್ಖಾ ತೊಟ್ಟವರು ಕಂಡರೆ ಸಾಕು, ಕತ್ತು ಚಾಚಿ ನೋಡುತ್ತಿದ್ದೆ, ಏನು ಸುದ್ದಿ ತಂದಿರುತ್ತಾರೋ ಅಂತ.

ಸುದ್ದಿ ತಂದವರು ಅವರ ಯಜಮಾನರು. ಮತ್ತೆ ಫಿಟ್ಸ್ ಬಂದಿತ್ತು, ಈ ಸಲ ಅಡುಗೆಮನೆಯಲ್ಲಿ. ಹಣೆಗೆ ಪೆಟ್ಟಾಗಿ ಹೊಲಿಗೆ ಹಾಕಬೇಕಾಯಿತು. ಡಾಕ್ಟರು ಇನ್ನು ತಡಮಾಡಬಾರದು, ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಬರೆದುಕೊಡುತ್ತೇನೆ, ಅಲ್ಲಿ ಸ್ಕ್ಯಾನ್ ಮಾಡಿ ಜೋರಾದ ಔಷಧಿ ಶುರು ಮಾಡಲಿ ಎಂದರು. ಯಜಮಾನರು ನನ್ನ ಕಿಟಕಿಯ ಹತ್ತಿರ ನಿಂತು, ‘ಚರಕದ ಮಾತು ಇನ್ನು ಬೇಡ ಅಂದ್ಬಿಟ್ಟೆ ಮೇಡಂ. ಊಟ ಬಿಟ್ಟವ್ಳೆ. ಕೈಯಲ್ಲಿ ಕೆಲಸ ಇಲ್ಲದಿದ್ರೆ ನಾನ್ಯಾಕೆ ಇರ್ಲಿ ಅಂತಾಳೆ’ ಎಂದರು. ಗಟ್ಟಿ ಮನುಷ್ಯ, ಹೇಳುತ್ತಾ ಹೇಳುತ್ತಾ ಮುಖ ಆ ಕಡೆ ತಿರುಗಿಸಿದರು. ನನಗೂ ಆ ದಿನ ಊಟ ಸೇರಲಿಲ್ಲ.

ಇದೇ ಹೊತ್ತಿಗೆ ಗೋದಾಮಿನಿಂದ ಬರಬೇಕಾದ ಲಾರಿ ತಡವಾಯಿತು. ಲಾರಿ ತಡವಾದಾಗ ನಾನೊಂದು ಉಪಾಯ ಮಾಡುತ್ತಿದ್ದೆ. ‘ಫಿಟ್ಸ್ ಮಾತ್ರೆ ಸದ್ಯಕ್ಕೆ ಇಲ್ಲ’ ಎಂದು ಕಿಟಕಿಗೆ ಒಂದು ಚೀಟಿ ಅಂಟಿಸಿ, ತಿಂಗಳು ತಿಂಗಳು ತಪ್ಪದೆ ಬರುವವರಿಗೆ ಮಾತ್ರ ಕಣ್ಸನ್ನೆ ಮಾಡಿ, ಮಧ್ಯಾಹ್ನ ಹಿಂದಿನ ಬಾಗಿಲಿಗೆ ಬನ್ನಿ ಎನ್ನುವುದು. ಕೆಳಗಿನ ಖಾನೆ ಇದ್ದದ್ದೇ ಅದಕ್ಕೆ. ಆ ಸಲವೂ ಚೀಟಿ ಅಂಟಿಸಿದೆ.

ಮಾರನೆಯ ದಿನ ಆಪಾ ಬಂದರು, ಅವರ ಸರದಿಯ ದಿನವಲ್ಲ. ಹಣೆಯ ಮೇಲೆ ಬ್ಯಾಂಡೇಜು. ಕೈಯಲ್ಲಿ ಬಿಸ್ಕತ್ತಿನ ಹಳೇ ತಗಡಿನ ಡಬ್ಬಿ. ಸಾಲಿನಲ್ಲಿ ನಿಂತೇ ಬಂದು, ಅತ್ತಿತ್ತ ನೋಡಿ, ಡಬ್ಬಿಯನ್ನು ಕಿಟಕಿಯೊಳಗೆ ತಳ್ಳಿದರು.

‘ಮೇಡಂ, ನಿಮ್ಹತ್ರ ಖಾಲಿ ಆಗೈತಂತಲ್ಲ. ಇದು ಇಟ್ಕೊಳ್ಳಿ, ಯಾರಿಗಾದ್ರೂ ಆಗ್ತದೆ. ಲಾರಿ ಬಂದ್ಮೇಲೆ ನಂಗೆ ವಾಪಸ್ ಕೊಡಿ.’

ಖರ್ಜೂರವೋ ಏನೋ ತಂದಿದ್ದಾರೆ ಅಂದುಕೊಂಡು ಮುಚ್ಚಳ ತೆಗೆದೆ. ಒಳಗೆ ಫಿಟ್ಸ್ ಮಾತ್ರೆ. ಗುಲಾಬಿಯದು ಒಂದು ಕಡೆ, ಬಿಳಿಯದು ಒಂದು ಕಡೆ, ಸ್ಟ್ರಿಪ್ಪುಗಳನ್ನು ಒಪ್ಪವಾಗಿ ಜೋಡಿಸಿ ರಬ್ಬರ್ ಬ್ಯಾಂಡ್ ಹಾಕಿತ್ತು. ಹಳೆಯವು ಮೇಲೆ, ಹೊಸವು ಕೆಳಗೆ. ನನ್ನ ಉಗ್ರಾಣವೂ ಅಷ್ಟು ಚೊಕ್ಕಟವಾಗಿರಲಿಲ್ಲ.

‘ಇಷ್ಟೊಂದು ಎಲ್ಲಿಂದ ಬಂತು ಆಪಾ?’

‘ಎಲ್ಲಿಂದ ಬರ್ತದೆ? ನೀವೇ ಕೊಟ್ಟಿದ್ದು.’

‘ನಾನು ಕೊಟ್ಟಿದ್ದು ತಿನ್ನಕ್ಕೆ ಅಲ್ವಾ?’

‘ತಿಂತೀನಲ್ಲ! ದಿನಾ ಬೆಳಿಗ್ಗೆ ಒಂದು, ತಪ್ಪಿಸಲ್ಲ. ರಾತ್ರೀದು ಎತ್ತಿಡ್ತೀನಿ.’

ಸಾಲಿನಲ್ಲಿ ನಿಂತವರು ‘ಬೇಗ ಕಳಿಸಿ ಮೇಡಂ’ ಎಂದು ಕೂಗಿದರೂ ಅವರಿಗೆ ಉತ್ತರ ಕೊಡುವುದು ಮರೆತೆ. ಕಿಟಕಿ ಮುಚ್ಚಿ, ಆಪಾರನ್ನು ಒಳಗೆ ಕರೆದು ಸ್ಟೂಲಿನ ಮೇಲೆ ಕೂರಿಸಿದೆ.

ಸಂಗತಿ ಇಷ್ಟು. ಆ ವರ್ಷದ ರಂಜಾನಿಗೆ ಮುಂಚೆ ಫಿಟ್ಸ್ ಮಾತ್ರೆ ನಿಜವಾಗಿಯೂ ಮುಗಿದಿತ್ತು, ಕೆಳಗಿನ ಖಾನೆಯೂ ಬರಿದಾಗಿತ್ತು. ಆಪಾ ಇರುವ ಗಲ್ಲಿಯಲ್ಲಿ ಇದೇ ಕಾಯಿಲೆಯ ಇನ್ನೊಬ್ಬ ಹುಡುಗಿ ಇದ್ದಳು, ಕಾಲೇಜಿಗೆ ಹೋಗುವವಳು. ಅವಳು ಬರಿಗೈಯಲ್ಲಿ ಮನೆಗೆ ಹೋಗಿ, ಆ ವಾರವೇ ನಲ್ಲಿಯ ಹತ್ತಿರ ಬಿದ್ದಿದ್ದಳು. ಎಲ್ಲರೂ ಎತ್ತಿ ಮುಖಕ್ಕೆ ನೀರು ತಟ್ಟುವಾಗ, ಆಪಾ ಮನೆಗೆ ಓಡಿಹೋಗಿ ತನ್ನ ಪಾಲಿನ ಮಾತ್ರೆಯನ್ನೇ ತಂದುಕೊಟ್ಟರಂತೆ. ಅಂದಿನಿಂದ ರಾತ್ರಿಯ ಮಾತ್ರೆ ಡಬ್ಬಿಗೆ. ‘ಗಲ್ಲಿಯಲ್ಲಿ ಒಬ್ಬರ ಮನೇಲಾದ್ರೂ ಇರ್ಬೇಕಲ್ಲ ಮೇಡಂ? ಸಕ್ಕರೆ, ಚಹಾಪುಡಿ ಆದ್ರೆ ಅಂಗಡೀಲಿ ಸಿಗ್ತದೆ. ಇದು ನಿಮ್ಮಲ್ಲಿ ಇಲ್ಲ ಅಂದ್ರೆ ಎಲ್ಲೂ ಇಲ್ಲ’ ಎಂದರು. ತಾನೇನೋ ಸಣ್ಣ ಉಪಕಾರ ಮಾಡಿದ್ದೇನೆ, ಅದಕ್ಕೆ ಈ ಮೇಡಂ ಯಾಕೆ ಕಣ್ಣೊರೆಸಿಕೊಳ್ಳುತ್ತಿದ್ದಾಳೆ ಎಂದು ಅವರಿಗೆ ಅರ್ಥವಾಗಲಿಲ್ಲ.

‘ಆಪಾ, ನಿಮಗೆ ಫಿಟ್ಸ್ ಬರ್ತಾ ಇರೋದು ಇದಕ್ಕೇ’ ಎಂದೆ. ಸಿಟ್ಟಿನಿಂದಲೇ ಹೇಳಿದೆ, ನನಗೆ ಬೇರೆ ತರಹ ಹೇಳಲು ಬರುವುದಿಲ್ಲ. ‘ಬೆಳಗ್ಗೇದು ಸಾಯಂಕಾಲದವರೆಗೆ ಕಾಯತ್ತೆ. ರಾತ್ರೀದು ಬೆಳಗಿನವರೆಗೆ ಕಾಯತ್ತೆ. ಅರ್ಧ ದಿನ ಕಾವಲು ಬಿಟ್ಟು ಕೂತಿದ್ದೀರಿ.’

ಅವರು ಬ್ಯಾಂಡೇಜ್ ಮುಟ್ಟಿಕೊಂಡರು. ‘ಹಂಗಾದ್ರೆ ಎರಡೂ ತಿಂದ್ರೆ ಚರಕಕ್ಕೆ ಕೂತ್ಕೋಬೋದಾ?’

ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು ಡಬ್ಬಿ ನೋಡಿದರು, ಆಪಾ ಮುಖ ನೋಡಿದರು, ಬೆಂಗಳೂರಿಗೆ ಬರೆದಿಟ್ಟಿದ್ದ ಕಾಗದವನ್ನು ಬದಿಗೆ ಸರಿಸಿದರು. ಬಿಟ್ಟದ್ದನ್ನೆಲ್ಲ ಒಟ್ಟಿಗೆ ನುಂಗಬೇಡಿ, ಇಂದಿನಿಂದ ಎರಡು ಹೊತ್ತೂ ತಪ್ಪದೆ ತಗೊಳ್ಳಿ, ಕೆಲವು ತಿಂಗಳು ಫಿಟ್ಸ್ ಬರದಿದ್ದರೆ ಆಗ ಚರಕದ ಮಾತಾಡೋಣ ಎಂದರು. ‘ಬ್ಯಾಚ್ ಸರಿ ಇದೆ ಮೇಡಂ’ ಎಂದು ನನ್ನ ಕಡೆ ತಿರುಗಿ ನಕ್ಕರು. ಬೇರೆ ದಿನವಾಗಿದ್ದರೆ ಆ ಒಂದು ಮಾತನ್ನು ಹಿಡಿದುಕೊಂಡು ವಾರವೆಲ್ಲ ಮೆರೆಯುತ್ತಿದ್ದೆ.

ಉಗ್ರಾಣಕ್ಕೆ ಬಂದು ಒಂದೊಂದೇ ಸ್ಟ್ರಿಪ್ಪಿನ ತಾರೀಖು ನೋಡಿ, ಅವಧಿ ಮುಗಿದದ್ದನ್ನು ತೆಗೆದಿಟ್ಟೆ. ಉಳಿದದ್ದನ್ನು ಡಬ್ಬಿಗೆ ತುಂಬಿ ಅವರ ಕೈಗೇ ಕೊಟ್ಟೆ.

‘ಒಂದ್ಸಲ ಕೊಟ್ಟಿದ್ದನ್ನ ಆಸ್ಪತ್ರೆ ವಾಪಸ್ ತಗೊಳ್ಳಂಗಿಲ್ಲ ಆಪಾ. ಬೆಳಿಗ್ಗೆ ಒಂದು, ರಾತ್ರಿ ಒಂದು. ಎಲ್ಲಾ ನಿಮ್ಮದೇ.’

‘ಎಲ್ಲಾನೂ ನಾನೇ ತಿನ್ಬೇಕಾ?’

‘ಹೂಂ. ನೀವೇ.’

‘ಆಮೇಲೆ ಆ ಹುಡುಗಿಗೆ ಸಿಗ್ಲಿಲ್ಲ ಅಂದ್ರೆ?’

‘ಸಿಗತ್ತೆ. ಅದು ನನ್ನ ಕೆಲಸ, ನಿಮ್ಮದಲ್ಲ’ ಎಂದೆ, ಎದೆ ತಟ್ಟಿಕೊಂಡು.

ಆಪಾ ನನ್ನ ಮುಖ ನೋಡಿದರು. ಮುಚ್ಚಿದ ಕಿಟಕಿಯ ಗಾಜಿನಲ್ಲಿ ಹಿಂದುಮುಂದಾಗಿ ಕಾಣುತ್ತಿದ್ದ ನನ್ನ ‘ಸದ್ಯಕ್ಕೆ ಇಲ್ಲ’ ಚೀಟಿಯನ್ನು ನೋಡಿದರು. ಆಮೇಲೆ ಡಬ್ಬಿಯಿಂದ ಒಂದು ಸ್ಟ್ರಿಪ್ ತೆಗೆದು, ಮಡಿಸಿ, ಆ ಹುಡುಗಿಗೆ ಅಂತ ಬುರ್ಖಾದೊಳಗೆ ಸೇರಿಸಿಕೊಂಡರು.